ರೂಪಾಯಿಯಲ್ಲಿ ಲಾಭ, ಡಾಲರಿನಲ್ಲಿ ಸೊನ್ನೆ

ಅಮೆರಿಕ ತನ್ನ ಪ್ರಜೆಗಳಿಗೆ ತೆರಿಗೆ ಹಾಕುವುದು ಪಾಸ್‌ಪೋರ್ಟ್ ನೋಡಿ. ಅವರು ಯಾವ ದೇಶದಲ್ಲಿ ಮನೆ ಮಾಡಿದ್ದಾರೆ ಎಂಬುದು ಅದಕ್ಕೆ ಮುಖ್ಯವಲ್ಲ. ಭಾರತ ನೋಡುವುದು ವರ್ಷದಲ್ಲಿ ಇಲ್ಲಿ ಎಷ್ಟು ದಿನ ಇದ್ದರು ಎಂಬುದನ್ನು. ಹೀಗಾಗಿ ಅಮೆರಿಕದ ಪೌರತ್ವ ಪಡೆದ ಕನ್ನಡ ಕುಟುಂಬವೊಂದು ಊರಿಗೆ ಮರಳಿ ನೆಲೆಸಿದರೆ ಎರಡು ಸರ್ಕಾರಗಳಿಗೆ, ಎರಡು ನಾಣ್ಯಗಳಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಸಿಐ ಕಾರ್ಡು ವೀಸಾದ ಗೋಜನ್ನು ತಪ್ಪಿಸುತ್ತದೆಯೇ ಹೊರತು ಈ ಲೆಕ್ಕವನ್ನಲ್ಲ.

ಆಂಧ್ರದ ಗಡಿಯೊಳಗಿನ ಚಿಲಮತ್ತೂರಿನ ಸುತ್ತ ಈ ಲೆಕ್ಕ ಸಾಮಾನ್ಯವಾಗಿ ಜಾಗದಿಂದ ಶುರುವಾಗುತ್ತದೆ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರವಾದಂತೆ ಲೇಔಟುಗಳ ಬೋರ್ಡುಗಳು ಎದುರಾಗುತ್ತವೆ. ಇದಕ್ಕೆ ಹಳೆಯ ಕಾರಣವೂ ಇದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾಗುವ ತನಕ ಕೃಷಿಕರಲ್ಲದವರು ಆ ಕಡೆ ಹೊಲ ಕೊಳ್ಳುವಂತಿರಲಿಲ್ಲ. ಆಂಧ್ರದಲ್ಲಿ ಅಂಥ ತಡೆ ಇರಲಿಲ್ಲ. ಬೆಂಗಳೂರಿನ ದುಡ್ಡು ಗಡಿ ದಾಟಿತು, ಅದರ ಹಿಂದೆ ಡಾಲರಿನ ದುಡ್ಡೂ ಬಂತು. ಲೇಪಾಕ್ಷಿ ನಾಲೆಡ್ಜ್ ಹಬ್ ಹೆಸರಿನಲ್ಲಿ ಚಿಲಮತ್ತೂರು, ಗೋರಂಟ್ಲ ಮಂಡಲಗಳ 8,800ಕ್ಕೂ ಹೆಚ್ಚು ಎಕರೆ ಎತ್ತಿಟ್ಟಾಗ ದರ ಏರಿತು. ಹಬ್ ಮೇಲೇಳಲಿಲ್ಲ, ವಿಷಯ ಸಿಬಿಐ ತನಿಖೆಯ ಪಾಲಾಯಿತು. 2019ರಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಹೊರಬಂದಾಗ, 2024ರ ಜನವರಿಯಲ್ಲಿ ಪಾಲಸಮುದ್ರದಲ್ಲಿ ಕಸ್ಟಮ್ಸ್ ಅಕಾಡೆಮಿ ಉದ್ಘಾಟನೆಯಾದಾಗ ಬ್ರೋಕರುಗಳ ಬಾಯಿಗೆ ಮತ್ತೆ ಮಾತು ಸಿಕ್ಕಿತು.

ಈ ಅಂಕಣಕಾರನ ಸೋದರತ್ತೆಯ ಮಗಳ ಮನೆಯವರು, ಅಮೆರಿಕದ ಪ್ರಜೆಗಳು, 2010ರಲ್ಲಿ ಇಲ್ಲಿ ಒಂದು ಸೈಟು ಕೊಂಡಿದ್ದರು. ಅವರ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ ಅಂಕಣಕಾರನ ಪಾಲಿಗೆ ಬಂದದ್ದರಿಂದ ಅಂಕಿಗಳೆಲ್ಲ ಕೈಯಲ್ಲಿವೆ. ರಿಜಿಸ್ಟ್ರೇಷನ್ ಸೇರಿ ಬಿದ್ದ ಖರ್ಚು 9 ಲಕ್ಷ ರೂಪಾಯಿ. ಆಗ ಡಾಲರಿಗೆ ಸುಮಾರು 45 ರೂಪಾಯಿ. ಎಂದರೆ 20,000 ಡಾಲರು. ಮಕ್ಕಳೊಂದಿಗೆ ಮರಳಿ ಬಂದು ತಾಯಿಯ ಜೊತೆ ಇರುವುದೆಂದು ತೀರ್ಮಾನವಾದಾಗ, ಬರುವ ಮೊದಲೇ ಸೈಟು ಮಾರಿಬಿಡುವುದು ಒಳ್ಳೆಯದು ಎಂದುಕೊಂಡರು. "ಅಕ್ಕಾ, ಈ ರೇಟು ಬಿಟ್ಟರೆ ಮತ್ತೆ ಬರಲ್ಲ" ಎಂದು ಬ್ರೋಕರ್ ಫೋನಿನಲ್ಲಿ ಅವಸರ ಮಾಡುತ್ತಿದ್ದ. 2025ರ ಏಪ್ರಿಲ್‌ನಲ್ಲಿ 17 ಲಕ್ಷಕ್ಕೆ ಸೈಟು ಹೋಯಿತು. ಡಾಲರ್ 85ರ ಆಸುಪಾಸಿನಲ್ಲಿತ್ತು. ಮತ್ತೆ ಅದೇ 20,000 ಡಾಲರು.

ರೂಪಾಯಿಯಲ್ಲಿ 8 ಲಕ್ಷ ಲಾಭ, ಡಾಲರಿನಲ್ಲಿ ಏನೂ ಇಲ್ಲ. ಅಮೆರಿಕದ ಲೆಕ್ಕದಲ್ಲಿ ಕೊಂಡ ಬೆಲೆಗೆ ಕೊಂಡ ದಿನದ ವಿನಿಮಯ ದರ, ಮಾರಿದ ಬೆಲೆಗೆ ಮಾರಿದ ದಿನದ ದರ. ಅಲ್ಲಿ ಲಾಭವೇ ಇಲ್ಲದ ಕಾರಣ ತೆರಿಗೆಯೂ ಇಲ್ಲ. ಭಾರತದ ಕಾನೂನಿಗೆ ಡಾಲರಿನ ಹಂಗಿಲ್ಲ. 2024ರ ಜುಲೈ 23ರಿಂದ ಆಸ್ತಿ ಮಾರಾಟದ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವ ಇಂಡೆಕ್ಸೇಷನ್ ಇಲ್ಲ. 8 ಲಕ್ಷಕ್ಕೆ 1 ಲಕ್ಷ, ಅದರ ಮೇಲೆ ಶೇ. 4 ಸೆಸ್, ಒಟ್ಟು 1,04,000 ರೂಪಾಯಿ.

ಅದೇ ದಿನ, ಅದೇ ಲೇಔಟಿನಲ್ಲಿ, ಅದೇ ಬೆಲೆಗೆ ಕೊಂಡು ಮಾರಿದ ಪಕ್ಕದ ಸೈಟಿನ ಸ್ಥಳೀಯರನ್ನು ತೆಗೆದುಕೊಳ್ಳಿ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಜಾಗಕ್ಕೆ, ಮಾರಿದವರು ತೆರಿಗೆಯ ದೃಷ್ಟಿಯಲ್ಲಿ 'ನಿವಾಸಿ' ಆಗಿದ್ದರೆ, ಹಳೆಯ ಶೇ. 20ರ ಇಂಡೆಕ್ಸೇಷನ್ ಲೆಕ್ಕವೂ ಸಿಗುತ್ತದೆ. ಎರಡರಲ್ಲಿ ಕಡಿಮೆ ಬಂದದ್ದನ್ನು ಕಟ್ಟಿದರಾಯಿತು. ಸೂಚ್ಯಂಕ 2010–11ಕ್ಕೆ 167, 2025–26ಕ್ಕೆ 376. 9 ಲಕ್ಷವನ್ನು 376ರಿಂದ ಗುಣಿಸಿ 167ರಿಂದ ಭಾಗಿಸಿದರೆ 20.26 ಲಕ್ಷ. ಮಾರಿದ್ದು 17 ಲಕ್ಷಕ್ಕೆ. ಲಾಭವಿಲ್ಲ, ತೆರಿಗೆಯೂ ಇಲ್ಲ.

ಈ 'ನಿವಾಸಿ' ಸ್ಥಾನಕ್ಕೂ ಪೌರತ್ವಕ್ಕೂ ಸಂಬಂಧವಿಲ್ಲ ಎಂಬುದನ್ನು ಜನ ಗಮನಿಸುವುದಿಲ್ಲ. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಅಮೆರಿಕದ ಪ್ರಜೆಯೂ ನಿವಾಸಿಯೇ, ಅದೂ ಇಡೀ ವರ್ಷಕ್ಕೆ. ಅಕ್ಟೋಬರ್ 1ಕ್ಕೆ ದೇವನಹಳ್ಳಿಯಲ್ಲಿ ಇಳಿದಿದ್ದರೆ ಮಾರ್ಚ್ 31ಕ್ಕೆ ಸರಿಯಾಗಿ 182 ದಿನ ತುಂಬುತ್ತಿತ್ತು; ಏಪ್ರಿಲ್‌ನ ಮಾರಾಟಕ್ಕೂ ಇಂಡೆಕ್ಸೇಷನ್ ಸಿಗುತ್ತಿತ್ತು. ಈ ಕುಟುಂಬ ಅಲ್ಲಿನ ಸ್ನೇಹಿತರೊಡನೆ ದೀಪಾವಳಿ ಮುಗಿಸಿ, ಟಿಕೆಟ್ ಅಗ್ಗವೆಂದು ನವೆಂಬರ್‌ನಲ್ಲಿ ವಿಮಾನ ಹತ್ತಿತು. ಅಗ್ಗದ ಟಿಕೆಟ್ಟಿನ ನಿಜವಾದ ಬೆಲೆ 1,04,000 ರೂಪಾಯಿ. ಬೇಗ ಬಂದು ನಿವಾಸಿಯಾದರೆ ಅಮೆರಿಕದ ಆದಾಯವೂ ಇಲ್ಲಿ ತೆರಿಗೆಗೆ ಸಿಗುತ್ತದೆ ಎಂಬ ಹೆದರಿಕೆಗೆ ಕಾರಣವಿಲ್ಲ. ವರ್ಷಗಟ್ಟಲೆ ಹೊರಗಿದ್ದು ಬಂದವರಿಗೆ ಆರಂಭದ ಎರಡು ಮೂರು ವರ್ಷ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಸ್ಥಾನದ ರಕ್ಷಣೆಯಿದೆ.

ಟಿಡಿಎಸ್ ಬೇರೆಯದೇ ಕಿರಿಕಿರಿ. ನಿವಾಸಿಯಿಂದ 50 ಲಕ್ಷಕ್ಕಿಂತ ಕಡಿಮೆಯ ಜಾಗ ಕೊಂಡವರು ಏನೂ ಹಿಡಿಯಬೇಕಿಲ್ಲ. ಎನ್‌ಆರ್‌ಐನಿಂದ ಕೊಂಡವರು, ಕಡಿಮೆ ಕಡಿತದ ಪ್ರಮಾಣಪತ್ರ ಇಲ್ಲದಿದ್ದರೆ, ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ ಹಿಡಿಯುತ್ತಾರೆ. 17 ಲಕ್ಷಕ್ಕೆ ಸೆಸ್ ಸೇರಿ ಶೇ. 13ರಂತೆ 2,21,000 ರೂಪಾಯಿ ಹೋಯಿತು. ಹೆಚ್ಚಾದ 1,17,000 ರಿಟರ್ನ್ ಸಲ್ಲಿಸಿದ ಮೇಲಷ್ಟೇ ವಾಪಸು. ಇಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದಲ್ಲಿ ಜಮೆಗೆ ಹಿಡಿಯೋಣವೆಂದರೆ ಆ ಮಾರಾಟದ ಮೇಲೆ ಅಲ್ಲಿ ತೆರಿಗೆಯೇ ಇಲ್ಲ. ಹತ್ತು ವರ್ಷ ಮುಂದಕ್ಕೆ ಒಯ್ಯಬಹುದು ಎಂಬುದಷ್ಟೇ ಸಮಾಧಾನ.

ಹಿರಿಯರಿಂದ ಬಂದ ಹೊಲದ ಕಥೆ ಇದಕ್ಕೆ ತದ್ವಿರುದ್ಧ. ಹಿಂದೂಪುರ ಪುರಸಭೆಯ ಜನಸಂಖ್ಯೆಯ ಲೆಕ್ಕದಲ್ಲಿ ಅದರ ಗಡಿಯಿಂದ 6 ಕಿ.ಮೀ. ಆಚೆಗಿನ ಸಾಗುವಳಿ ಜಮೀನು ಗ್ರಾಮೀಣ ಕೃಷಿ ಭೂಮಿ. ಮಾರಿದರೆ ಇಲ್ಲಿ ತೆರಿಗೆಯಿಲ್ಲ, ಅಲ್ಲಿ ಇದೆ. ಅಮೆರಿಕದ ಲೆಕ್ಕಕ್ಕೆ ಮೂಲ ಬೆಲೆ ಎಂದರೆ ಹಿರಿಯರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ. ತಿಥಿ ಮುಗಿದ ಮೇಲೆ ಮೌಲ್ಯಮಾಪಕರನ್ನು ಕರೆಸಿ ಆ ಬೆಲೆಯನ್ನು ಕಾಗದಕ್ಕೆ ಇಳಿಸಿಕೊಂಡರೆ ಮುಂದೆ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಸೈಟು ಮಾರಿದ ದುಡ್ಡು ಖಾತೆಗೆ ಬಿದ್ದ ಸುದ್ದಿ ಬ್ರೋಕರಿಗೆ ಗೊತ್ತಾದ ಕೂಡಲೇ ಬರುವ ಮಾತು ಫಾರ್ಮ್ ಪ್ಲಾಟು. 10 ಗುಂಟೆ, ಸುತ್ತ ಬೇಲಿ, ಡ್ರಿಪ್ಪು, ಶ್ರೀಗಂಧ, ಹೆಬ್ಬೇವು, ಕಂಪನಿಯದೇ ನಿರ್ವಹಣೆ. ಬ್ರೋಷರಿನ 10 ಗುಂಟೆ ಕ್ರಯಪತ್ರದಲ್ಲಿ 25 ಸೆಂಟ್ಸ್ ಆಗುತ್ತದೆ, ಕೆಳಗೆ 'ಕೃಷಿ ಭೂಮಿ' ಎಂದು ಬರೆದಿರುತ್ತದೆ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆಯ ಈ ಸೀಮೆಯಲ್ಲಿ ಶ್ರೀಗಂಧಕ್ಕೆ ನೀರು ಎಲ್ಲಿಂದ ಎಂದು ಕೇಳಿದರೆ ಬೋರ್‌ವೆಲ್ ಫೋಟೋ ತೋರಿಸುತ್ತಾರೆ. ಅದಿರಲಿ, ಹೊರದೇಶದಲ್ಲಿ ನೆಲೆಸಿದ ಎನ್‌ಆರ್‌ಐ, ಒಸಿಐಗಳು ಕೃಷಿ ಭೂಮಿ, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವುದನ್ನು ವಿದೇಶಿ ವಿನಿಮಯದ ಫೆಮಾ ನಿಯಮ ನೇರವಾಗಿ ತಡೆಯುತ್ತದೆ. ದಂಡ ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೆ. ಇದು ಕೇಂದ್ರದ ಕಾನೂನಾದ್ದರಿಂದ ಗಡಿಯ ಯಾವ ಬದಿಯೂ ಒಂದೇ. "ಭಾವನ ಹೆಸರಿನಲ್ಲಿ ಬರೆಸಿ" ಎನ್ನುವ ಸಲಹೆ ಬೇನಾಮಿ ಕಾಯ್ದೆಯ ಬಾಯಿಗೆ ಬೀಳುವ ದಾರಿ: ಜಾಗ ಮುಟ್ಟುಗೋಲು, ಒಂದರಿಂದ ಏಳು ವರ್ಷ ಜೈಲು. ಇದನ್ನು ಬ್ರೋಷರಿನಲ್ಲಿ ಎಲ್ಲೂ ಅಚ್ಚು ಹಾಕದೆ ಅಮೆರಿಕದ ಕನ್ನಡಿಗರಿಗೆ ವಾಟ್ಸಾಪಿನಲ್ಲಿ ಕಳಿಸುವವರ ಮೇಲೆ ಯಾವ ನಂಬಿಕೆ ಇಡಬೇಕು?

ಮ್ಯೂಚುವಲ್ ಫಂಡಿನ ಮಾತು ಚಿಕ್ಕದು. ಭಾರತದ ಫಂಡುಗಳು ಅಮೆರಿಕದ ತೆರಿಗೆ ಲೆಕ್ಕಕ್ಕೆ ಪಿಎಫ್‌ಐಸಿ, ಅಂದರೆ ನಿಷ್ಕ್ರಿಯ ವಿದೇಶಿ ಹೂಡಿಕೆ ಕಂಪನಿ. ಲಾಭಕ್ಕೆ ಅತಿ ಹೆಚ್ಚಿನ ದರ, ಮೇಲೆ ಬಡ್ಡಿ, ಪ್ರತಿ ಫಂಡಿಗೂ ಪ್ರತ್ಯೇಕ ಫಾರ್ಮು. ಇಲ್ಲಿನ ಎಫ್‌ಡಿಯೇ ವಾಸಿ.

ಮನೆಯ ದಿನನಿತ್ಯದಲ್ಲಿ ಕಣ್ಣಿಡಬೇಕಾದದ್ದು ತಾಯಿಯ ಎಸ್‌ಬಿ ಖಾತೆ. ಪಿಂಚಣಿ ತೆಗೆಯಲು ಅನುಕೂಲವೆಂದು ಮಗಳ ಹೆಸರು ಜಂಟಿಯಾಗಿ ಸೇರಿರುತ್ತದೆ. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು, ಅದರಲ್ಲಿ ತಾಯಿಯ ಪೂರ್ತಿ ಬಾಕಿಯೂ ಸೇರುತ್ತದೆ. ಖಾತೆಗಳ ಮಾಹಿತಿ ಹಂಚಿಕೊಳ್ಳುವ ಎರಡು ದೇಶಗಳ ಒಪ್ಪಂದ 2015ರಲ್ಲಿ ಜಾರಿಗೆ ಬಂದ ಮೇಲೆ ಬ್ಯಾಂಕುಗಳು ಈ ಮಾಹಿತಿ ರವಾನಿಸುತ್ತಿವೆ. ಹಿಂದೂಪುರದ ಶಾಖೆ ಯಾರ ಕಣ್ಣಿಗೂ ಬೀಳದು ಎನ್ನುವ ಕಾಲ ಮುಗಿದಿದೆ. ಖಾತೆಗೆ ದುಡ್ಡು ಬಂದ ದಿನವೇ ಪಾಸ್‌ಬುಕ್ಕಿನ ಅಂಚಿನಲ್ಲಿ ಆ ದಿನದ ಡಾಲರ್ ದರ ಪೆನ್ನಿನಲ್ಲಿ ಬರೆಯುವ ರೂಢಿ ಬೆಳೆಸಿಕೊಳ್ಳಬೇಕು. ಹದಿನೈದು ವರ್ಷ ಕಳೆದ ಮೇಲೆ ಹುಡುಕಹೊರಟರೆ ಆಡಿಟರಿಗೂ ತಲೆನೋವು, ಮನೆಯವರಿಗೂ ಜಗಳ.

ಎರಡು ದೇಶಗಳ ವರ್ಷವೂ ಬೇರೆ. ಭಾರತದ್ದು ಏಪ್ರಿಲ್‌ನಿಂದ ಮಾರ್ಚ್, ಅಮೆರಿಕದ್ದು ಜನವರಿಯಿಂದ ಡಿಸೆಂಬರ್. ಹೊರದೇಶದಲ್ಲಿ ಇರುವವರಿಗೆ ಅಮೆರಿಕದ ರಿಟರ್ನಿಗೆ ಜೂನ್ 15ರ ತನಕ ತಾನಾಗಿಯೇ ಗಡುವು ಸಿಗುತ್ತದೆ, ಬಾಕಿ ತೆರಿಗೆಯ ಬಡ್ಡಿ ಮಾತ್ರ ಏಪ್ರಿಲ್ 15ರಿಂದಲೇ ಓಡುತ್ತದೆ. ಎಫ್‌ಬಿಎಆರ್‌ಗೆ ಅಕ್ಟೋಬರ್ 15ರ ತನಕ ಸಮಯವಿದೆ. ಇಲ್ಲಿನ ಎಫ್‌ಡಿ ಬಡ್ಡಿಯ ಟಿಡಿಎಸ್ ಪ್ರಮಾಣಪತ್ರವನ್ನು ಹಾಗೆಯೇ ಅಲ್ಲಿಗೆ ಒಯ್ಯುವಂತಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಬಡ್ಡಿಯನ್ನು ಬೇರ್ಪಡಿಸಿ ಮುಂದಿನ ಕ್ಯಾಲೆಂಡರ್ ವರ್ಷಕ್ಕೆ ಸೇರಿಸಿ ತೋರಿಸಬೇಕು.