ಏಣಿಚಿತ್ರಕ್ಕೆ ಏಕಿಲ್ಲ ಮನ್ನಣೆ?

ಗಣಕಯಂತ್ರಕ್ಕೆ ಕೆಲಸ ಹೇಳಿಕೊಡುವ ಸೂಚನೆಗಳ ಸರಣಿಗೆ ನಮ್ಮ ಪಠ್ಯಪುಸ್ತಕಗಳು ‘ಕ್ರಮವಿಧಿ’ ಎಂಬ ಹೆಸರಿಟ್ಟಿವೆ. ಆಡುಮಾತಿನಲ್ಲಿ ಅದು ಪ್ರೋಗ್ರಾಮ್. ಅದನ್ನು ರಚಿಸುವ ಮಾರ್ಗಗಳು ಎರಡು. ಅಕ್ಷರ, ಅಂಕೆ, ಚಿಹ್ನೆಗಳಲ್ಲಿ ಸಾಲುಸಾಲಾಗಿ ಬರೆಯುವುದು ಒಂದು. ಚೌಕ, ಗೆರೆ, ಸಂಕೇತಗಳನ್ನು ಪರದೆಯ ಮೇಲೆ ಜೋಡಿಸಿ ಚಿತ್ರವಾಗಿ ಬಿಡಿಸುವುದು ಇನ್ನೊಂದು. ಎರಡೂ ಯಂತ್ರವನ್ನು ನಡೆಸುತ್ತವೆ. ಆದರೂ ಮೊದಲನೆಯದನ್ನು ಬಲ್ಲವನು ‘ಪ್ರೋಗ್ರಾಮರ್’ ಎನಿಸಿಕೊಳ್ಳುತ್ತಾನೆ. ಎರಡನೆಯದನ್ನು ಬಲ್ಲವನಿಗೆ ಆ ಹೆಸರು ದೊರೆಯುವುದು ಅಪರೂಪ. ಈ ಭೇದ ಎಲ್ಲಿಂದ ಬಂತು, ಅದರಲ್ಲಿ ನ್ಯಾಯವೆಷ್ಟು, ಅದರಿಂದಾಗುವ ಹಾನಿಯೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಕ್ತದೊತ್ತಡ, ಮಧುಮೇಹಗಳ ಲೇಖನಗಳ ನಡುವೆ ಇದೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಥಾಣೆ–ಬೇಲಾಪುರ ರಸ್ತೆಯ ಆಸುಪಾಸಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದು ದೂರದ ವಿಷಯವಲ್ಲ.

ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದುದು 1962ರಲ್ಲಿ. ಥಾಣೆಯ ವಾಗ್ಳೆ ಎಸ್ಟೇಟ್, ಖಾರಿಯ ಆಚೆಯ ಥಾಣೆ–ಬೇಲಾಪುರ ಪಟ್ಟಿ, ಡೊಂಬಿವಲಿಯ ಎಂ.ಐ.ಡಿ.ಸಿ. – ಇವುಗಳ ಕಾರ್ಖಾನೆಗಳಲ್ಲಿ ನಮ್ಮವರು ಫಿಟ್ಟರ್, ವೈರ್‌ಮನ್, ಇಲೆಕ್ಟ್ರಿಷಿಯನ್‌ಗಳಾಗಿ ದುಡಿದಿದ್ದಾರೆ, ದುಡಿಯುತ್ತಲೂ ಇದ್ದಾರೆ. ಇಂದು ಅದೇ ಪಟ್ಟಿಯ ಐರೋಲಿ, ಮಹಾಪೆ, ಘನ್ಸೋಲಿಗಳಲ್ಲಿ ಗಾಜಿನ ಕಟ್ಟಡಗಳೆದ್ದು, ಅವುಗಳೊಳಗೆ ಅಕ್ಷರದ ಕ್ರಮವಿಧಿ ಬರೆಯುವ ತರುಣರು ಕುಳಿತಿದ್ದಾರೆ. ಪಕ್ಕದ ಕಾರ್ಖಾನೆಯಲ್ಲಿ ಚಿತ್ರದ ಕ್ರಮವಿಧಿಯನ್ನು ಓದುವ ಇಲೆಕ್ಟ್ರಿಷಿಯನ್ ಇದ್ದಾನೆ. ರಸ್ತೆ ಒಂದೇ, ಮರ್ಯಾದೆ ಎರಡು ಬಗೆ.

ಆತ ಓದುವ ಚಿತ್ರಕ್ಕೆ ‘ಲ್ಯಾಡರ್’, ಅಂದರೆ ಏಣಿಚಿತ್ರ, ಎಂದು ಹೆಸರು. ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪಿ.ಎಲ್.ಸಿ. ಎಂಬ ಪುಟ್ಟ ಗಣಕಕ್ಕೆ ಆದೇಶ ಕೊಡುವ ಭಾಷೆ ಅದು. ಎಡಬಲಗಳಲ್ಲಿ ಎರಡು ಲಂಬರೇಖೆಗಳು, ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡರೇಖೆಗಳು. ಪ್ರತಿ ಮೆಟ್ಟಿಲಿನ ಎಡಭಾಗದಲ್ಲಿ ಷರತ್ತುಗಳು, ಬಲತುದಿಯಲ್ಲಿ ಫಲ. ಬಾಯ್ಲರ್ ಒಂದನ್ನು ಸರಳಗೊಳಿಸಿ ಉದಾಹರಿಸುವುದಾದರೆ: ‘ನೀರಿನ ಮಟ್ಟ ಸರಿಯಿದೆ’, ‘ಒತ್ತಡ ಮಿತಿಯೊಳಗಿದೆ’, ‘ನಿಲುಗಡೆಯ ಗುಂಡಿ ಒತ್ತಿಲ್ಲ’ ಎಂಬ ಮೂರು ಸಂಕೇತಗಳು ಒಂದೇ ಸಾಲಿನಲ್ಲಿ, ಕೊನೆಗೆ ‘ಬರ್ನರ್ ಉರಿಯಲಿ’ ಎಂಬ ಸಂಕೇತ. ಮೂರೂ ಷರತ್ತು ಪೂರೈಸಿದರೆ ಮಾತ್ರ ಎಡದಿಂದ ಬಲಕ್ಕೆ ದಾರಿ ತೆರೆಯುತ್ತದೆ. ಯಾವುದಾದರೊಂದು ಸಾಕೆಂದಿದ್ದರೆ ಸಂಕೇತಗಳನ್ನು ಒಂದರ ಕೆಳಗೊಂದು ಕವಲಾಗಿ ಬಿಡಿಸುತ್ತಾರೆ. ಯಂತ್ರವು ಈ ಏಣಿಯನ್ನು ಮೇಲಿನಿಂದ ಕೆಳಕ್ಕೆ, ಒಂದು ಸೆಕೆಂಡಿನಲ್ಲಿ ಹತ್ತಾರು ಸಲ, ದಣಿವಿಲ್ಲದೆ ಓದುತ್ತಿರುತ್ತದೆ.

ಈ ರೂಪ ಆಕಸ್ಮಿಕವಾಗಿ ಬಂದುದಲ್ಲ. 1968–69ರಲ್ಲಿ ಅಮೆರಿಕೆಯ ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ‘ಮೋಡಿಕಾನ್ 084’ ಎಂಬ ನಿಯಂತ್ರಕವನ್ನು ನಿರ್ಮಿಸಿದಾಗ, ಮೋಟಾರು ಕಾರ್ಖಾನೆಗಳ ಗೋಡೆತುಂಬ ರಿಲೇ ಪೆಟ್ಟಿಗೆಗಳಿದ್ದವು. ಅವುಗಳ ತಂತಿಜೋಡಣೆಯ ನಕ್ಷೆ ಏಣಿಯ ಆಕಾರದ್ದೇ. ಇಲೆಕ್ಟ್ರಿಷಿಯನ್‌ಗಳಿಗೆ ಕಂಠಪಾಠವಾಗಿದ್ದ ಆ ನಕ್ಷೆಯನ್ನೇ ಗಣಕದ ಭಾಷೆಯಾಗಿಸಿದರು. ಓದಲಿರುವವನನ್ನು ಮುಂದಿಟ್ಟುಕೊಂಡು ಭಾಷೆಯನ್ನು ಕಟ್ಟಿದ ಈ ವಿವೇಕ ನನಗೆ ಬಹಳ ದೊಡ್ಡದೆನಿಸುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಪರದೆಯ ಮೇಲೆ, ದಾರಿ ತೆರೆದ ಸಂಕೇತಗಳು ಬಣ್ಣದಿಂದ ಬೆಳಗುತ್ತವೆ. ನಡುರಾತ್ರಿಯ ಪಾಳಿಯಲ್ಲಿ ಯಂತ್ರ ನಿಂತರೆ, ಯಾವ ಸಂಕೇತದ ಬಳಿ ಬೆಳಕು ತುಂಡಾಗಿದೆಯೆಂದು ನೋಡಿ, ಅಲ್ಲಿಗೇ ಹೋಗಿ ದುರಸ್ತಿ ಮಾಡಬಹುದು. ಅಕ್ಷರದ ಸಾವಿರ ಸಾಲುಗಳಲ್ಲಿ ಈ ಸೌಕರ್ಯ ಸುಲಭವಾಗಿ ದಕ್ಕದು.

2016ರ ಮೇ 26 ಮತ್ತು 2024ರ ಮೇ 23ರಂದು ಡೊಂಬಿವಲಿ ಎಂ.ಐ.ಡಿ.ಸಿ.ಯಲ್ಲಿ ಸಂಭವಿಸಿದ ಸ್ಫೋಟಗಳನ್ನು ಈ ಊರಿನವರು ಮರೆಯುವಂತಿಲ್ಲ. ಆ ದುರಂತಗಳಿಗೂ ಏಣಿಚಿತ್ರಕ್ಕೂ ಸಂಬಂಧ ಕಲ್ಪಿಸುವುದು ನನ್ನ ಅಭಿಪ್ರಾಯವಲ್ಲ. ಉಷ್ಣತೆ, ಒತ್ತಡಗಳನ್ನು ಮಿತಿಯೊಳಗಿಡುವ ಕೆಲಸ ಎಷ್ಟು ಗುರುತರವಾದದ್ದೆಂಬುದನ್ನು ನೆನಪಿಸಲು ಮಾತ್ರ ಹೇಳಿದೆ. ಅಂಥ ಕೆಲಸವನ್ನು ದಿನವೂ ಹೊತ್ತಿರುವ ಬರಹಕ್ಕೆ ‘ಅದು ನಿಜವಾದ ಪ್ರೋಗ್ರಾಮಿಂಗ್ ಅಲ್ಲ’ ಎಂಬ ಮಾತು ಏಕೆ?

ಅಕ್ಷರಪಕ್ಷದವರ ಆಕ್ಷೇಪಗಳಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ಚಿತ್ರ ಜಾಗವನ್ನು ನುಂಗುತ್ತದೆ. ಹತ್ತು ಸಾಲಿನಲ್ಲಿ ಮುಗಿಯುವ ವಿಷಯಕ್ಕೆ ಪರದೆಯೇ ಸಾಲದು. ಕೆಲಸ ದೊಡ್ಡದಾದಂತೆ ಗೆರೆಗಳು ಒಂದನ್ನೊಂದು ದಾಟಿ ಸಿಕ್ಕುಗಟ್ಟುತ್ತವೆ. ಫ್ರೆಡ್ ಬ್ರೂಕ್ಸ್ 1986ರ ಪ್ರಸಿದ್ಧ ಪ್ರಬಂಧದಲ್ಲಿ ಚಿತ್ರದ ಕ್ರಮವಿಧಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದೆಂದು ವಾದಿಸಿದುದು ಬಹುಮಟ್ಟಿಗೆ ಇದೇ ನೆಲೆಯಿಂದ: ತಂತ್ರಾಂಶವೆಂಬುದು ಕಟ್ಟಡದಂತೆ ಜಾಗದಲ್ಲಿ ನಿಲ್ಲುವ ವಸ್ತುವಲ್ಲ. ಇನ್ನು ನಿನ್ನೆಯ ಪ್ರತಿಗೂ ಇಂದಿನ ಪ್ರತಿಗೂ ಏನು ಬದಲಾಗಿದೆ ಎಂಬ ಪ್ರಶ್ನೆ. ಅಕ್ಷರದಲ್ಲಾದರೆ ಸಾಲಿಗೆ ಸಾಲು ತಾಳೆ ನೋಡಬಹುದು. 2005ರಲ್ಲಿ ಬಂದ ‘ಗಿಟ್’ ಮೊದಲಾದ ಸಾಧನಗಳು ನಿಂತಿರುವುದೇ ಇದರ ಮೇಲೆ. ಚಿತ್ರದಲ್ಲಿ ಒಂದು ಚೌಕವನ್ನು ಅಂಗುಲ ಸರಿಸಿದ್ದೂ ಬದಲಾವಣೆ, ಒಂದು ಗೆರೆಯನ್ನು ಅಳಿಸಿದ್ದೂ ಬದಲಾವಣೆ. ಅರ್ಥವಿರುವುದು ಯಾವುದರಲ್ಲಿ? ಲೆಕ್ಕಪರಿಶೋಧನೆಯ ಗಂಧವಿರುವ ಯಾರಿಗೂ ಈ ತೊಂದರೆ ತಿಳಿಯುತ್ತದೆ. ಜತೆಗೆ, ಅಕ್ಷರದ ಕಡತವನ್ನು ಯಾವ ಗಣಕದಲ್ಲಾದರೂ ತೆರೆಯಬಹುದು. ಚಿತ್ರದ ಕಡತ ಸಾಮಾನ್ಯವಾಗಿ ಅದನ್ನು ಮಾರಿದ ಕಂಪೆನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತದೆ. ಮನೆಯ ಪತ್ರಗಳನ್ನು ಒತ್ತೆಯಿಟ್ಟಂತೆಯೇ ಸರಿ.

‘ಚಿತ್ರ ಯಾರಿಗಾದರೂ ಅರ್ಥವಾಗುತ್ತದೆ’ ಎಂಬ ಜಾಹೀರಾತಿನ ಮಾತೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1986ರಲ್ಲಿ ಬಿಡುಗಡೆಯಾದ ‘ಲ್ಯಾಬ್‌ವ್ಯೂ’ ಎಂಬ ಚಿತ್ರಭಾಷೆಯನ್ನು ಬಳಸಿ ಥಾಮಸ್ ಗ್ರೀನ್, ಮರಿಯನ್ ಪೆಟ್ರಿ ಮೊದಲಾದವರು 1990ರ ದಶಕದ ಆರಂಭದಲ್ಲಿ ಪ್ರಯೋಗ ನಡೆಸಿದಾಗ, ಅನುಭವಿಗಳೂ ಚಿತ್ರವನ್ನು ಓದಲು ಅಕ್ಷರಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ನೋಡುವುದೇ ಕಾಣುವುದಲ್ಲ ಎಂಬುದು ಪೆಟ್ರಿಯವರ ನಿಲುವು. ಚಿತ್ರವನ್ನು ಓದುವುದೂ ಕಲಿತು ಬರುವ ವಿದ್ಯೆ. ಹೃದ್ರೋಗತಜ್ಞರು ಇ.ಸಿ.ಜಿ. ಕಾಗದದಲ್ಲಿ ಕಾಣುವುದು ನಮಗೆ ಕಾಣುವುದಿಲ್ಲವಷ್ಟೆ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಶೇಷ ಉಳಿಯುತ್ತದೆ. ಈ ಆಕ್ಷೇಪಗಳಿಂದ ‘ಇಂಥ ಕೆಲಸಕ್ಕೆ ಅಕ್ಷರ ಲೇಸು’ ಎಂಬ ತೀರ್ಮಾನ ಬರಬೇಕೇ ಹೊರತು, ‘ಚಿತ್ರ ಬಿಡಿಸುವವನು ಪ್ರೋಗ್ರಾಮರನೇ ಅಲ್ಲ’ ಎಂಬುದಲ್ಲ. ಈ ಎರಡನೆಯ ತೀರ್ಮಾನದ ಬೇರು ಬೇರೆಡೆ ಇದೆ. ಇಂದು ಗೌರವಾನ್ವಿತವಾಗಿರುವ ಅಕ್ಷರಭಾಷೆಗಳೂ ಒಮ್ಮೆ ಇದೇ ಅನಾದರವನ್ನು ಉಂಡವು. ಗ್ರೇಸ್ ಹಾಪರ್ 1952ರಲ್ಲಿ ತಮ್ಮ ಮೊದಲ ಸಂಕಲಕವನ್ನು ಸಿದ್ಧಪಡಿಸಿದಾಗ, 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡ ‘ಫೋರ್ಟ್ರಾನ್’ ಭಾಷೆಯನ್ನು ಹೊರತಂದಾಗ, ಯಂತ್ರದ ಅಂಕೆಗಳಲ್ಲೇ ಬರೆಯುತ್ತಿದ್ದವರು ಮೂಗು ಮುರಿದರು. ಆ ಕಾಲದ ಪ್ರೋಗ್ರಾಮರರು ತಮ್ಮನ್ನು ಗೂಢವಿದ್ಯೆ ಕಾಯುವ ಪುರೋಹಿತವರ್ಗವೆಂದು ಭಾವಿಸಿದ್ದರೆಂದು ಬ್ಯಾಕಸ್ ಅವರೇ ಮುಂದೆ ಬರೆದರು. ಕಷ್ಟಪಟ್ಟು ಕಲಿತುದನ್ನು ಇನ್ನೊಬ್ಬ ಸುಲಭವಾಗಿ ಮಾಡಿದರೆ ಮನಸ್ಸು ಒಪ್ಪದು. ಇದು ಯಾವ ಕಸುಬಿಗೂ ಹೊಸತಲ್ಲ.

ಚಿತ್ರದ ಕ್ರಮವಿಧಿಯನ್ನು ಬಳಸುವವರಾದರೂ ಯಾರು? ಇಲೆಕ್ಟ್ರಿಷಿಯನ್, ಗುಮಾಸ್ತ, ಶಾಲೆಯ ಮಗು. ಮನ್ನಣೆ ಕೆಲಸವನ್ನು ನೋಡಿ ಬರುವುದಿಲ್ಲ, ಮಾಡುವವನನ್ನು ನೋಡಿ ಬರುತ್ತದೆ. ಇದಕ್ಕೆ ಪ್ರಮಾಣ ಬೇಕೆ? ಏರ್‌ಬಸ್ ಎ380 ವಿಮಾನದ ಹಾರಾಟ ನಿಯಂತ್ರಣದ ತಂತ್ರಾಂಶವನ್ನು ‘ಸ್ಕೇಡ್’ ಎಂಬ ಚಿತ್ರಸಾಧನದಿಂದ ರೂಪಿಸಲಾಯಿತು. ಮೋಟಾರು ಕಂಪೆನಿಗಳ ಇಂಜಿನಿಯರರು ‘ಸಿಮುಲಿಂಕ್’ನಲ್ಲಿ ಚೌಕಗಳನ್ನು ಜೋಡಿಸುತ್ತಾರೆ. ಅಲ್ಲಿ ಅದಕ್ಕೆ ‘ಮಾದರಿ ಆಧಾರಿತ ವಿನ್ಯಾಸ’ ಎಂಬ ಘನವಾದ ಹೆಸರು! ಯಾರೂ ಅದನ್ನು ಮಕ್ಕಳಾಟವೆನ್ನುವುದಿಲ್ಲ.

ಗುಮಾಸ್ತರ ಮಾತನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬಲ್ಲೆ. ಅದು ನನ್ನ ವೃತ್ತಿಯ ಮಾತು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿ ಮೊದಲು ಕಲಿಯುವ ‘ಟಿ’ ಆಕಾರದ ಖಾತೆಯಲ್ಲಿ ಸ್ಥಾನವೇ ಅರ್ಥ: ಎಡಕ್ಕೆ ಬರೆದುದು ಡೆಬಿಟ್, ಬಲಕ್ಕೆ ಬರೆದುದು ಕ್ರೆಡಿಟ್. ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಇಮ್ಮಡಿ ನಮೂದಿನ ಪದ್ಧತಿಯನ್ನು ಮುದ್ರಿಸಿದಂದಿನಿಂದ ಈ ಎಡಬಲಗಳನ್ನು ಯಾರೂ ಹೀನವೆನ್ನಲಿಲ್ಲ. 1979ರ ‘ವಿಸಿಕ್ಯಾಲ್ಕ್’ನಿಂದ ಇಂದಿನ ‘ಎಕ್ಸೆಲ್’ವರೆಗಿನ ಸ್ಪ್ರೆಡ್‌ಶೀಟ್ ಅದೇ ವಂಶದ್ದು. ಚೌಕದಲ್ಲಿ ಸೂತ್ರ, ಸೂತ್ರದಿಂದ ಮತ್ತೊಂದು ಚೌಕಕ್ಕೆ ಕೊಂಡಿ: ನಿಸ್ಸಂದೇಹವಾಗಿ ಕ್ರಮವಿಧಿಯೇ. ಆದರೆ ಅದನ್ನು ಹಾಗೆ ಕರೆಯದಿರುವುದರಿಂದ ಒಂದು ಅಪಾಯವಿದೆ. ಬ್ಯಾಂಕಿನ ಕೇಂದ್ರ ತಂತ್ರಾಂಶದಲ್ಲಿ ಒಂದು ಸಾಲು ಬದಲಾಗಬೇಕಾದರೂ ಪರೀಕ್ಷೆ, ಇಬ್ಬರ ಒಪ್ಪಿಗೆ, ದಾಖಲೆ ಎಲ್ಲವೂ ಬೇಕು. ಗುಮಾಸ್ತರು ಕಟ್ಟಿದ ಬಡ್ಡಿಲೆಕ್ಕದ ಹಾಳೆಯನ್ನು ಹತ್ತು ಜನ ಹತ್ತು ವರ್ಷ ನಂಬಿ ಬಳಸಿದರೂ ಅದರ ಸೂತ್ರವನ್ನು ತೆರೆದು ನೋಡುವವರು ವಿರಳ. 2012ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯಲ್ಲಿ 600 ಕೋಟಿ ಡಾಲರಿಗೂ ಮಿಕ್ಕಿದ ನಷ್ಟವಾದಾಗ, 2013ರ ಜನವರಿಯಲ್ಲಿ ಆ ಬ್ಯಾಂಕೇ ಪ್ರಕಟಿಸಿದ ವರದಿಯಲ್ಲಿ, ನಷ್ಟಸಂಭವವನ್ನು ಅಳೆಯುವ ಲೆಕ್ಕ ಸ್ಪ್ರೆಡ್‌ಶೀಟ್‌ಗಳಲ್ಲಿ ಕೈಯಿಂದ ನಕಲು ಮಾಡಿ ಸಾಗುತ್ತಿತ್ತೆಂಬುದೂ, ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಿದ್ದರೆಂಬುದೂ ಹೊರಬಂತು. ನಷ್ಟಕ್ಕೆ ಅದೊಂದೇ ಕಾರಣವಲ್ಲ, ನಿಜ. ಆದರೆ ಯಾವುದನ್ನು ನಾವು ಕ್ರಮವಿಧಿ ಎನ್ನುವುದಿಲ್ಲವೋ ಅದನ್ನು ನಾವು ಪರೀಕ್ಷಿಸುವುದೂ ಇಲ್ಲ.

ಉಳಿದದ್ದು ಮಕ್ಕಳ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲೇ ಗಣಕ ಕ್ರಮವಿಧಿಯ ಚಟುವಟಿಕೆಗಳನ್ನು ಸೇರಿಸಲು ಹೇಳಿದೆ. ಮಕ್ಕಳು ಬಹಳಮಟ್ಟಿಗೆ ಆರಂಭಿಸುವುದು ‘ಸ್ಕ್ರ್ಯಾಚ್’ನಿಂದ, ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಅವರ ಬಳಗ 2007ರಲ್ಲಿ ಹೊರತಂದ, ಬಣ್ಣದ ತುಂಡುಗಳನ್ನು ಜೋಡಿಸುವ ಭಾಷೆ ಅದು. ನಮ್ಮ ವಸತಿಸಂಕುಲಗಳ ತಂದೆತಾಯಿಗಳು ‘ಈ ಆಟ ಸಾಕು, ಪೈಥಾನ್ ಯಾವಾಗ?’ ಎಂದು ಟ್ಯೂಷನ್ ಕ್ಲಾಸಿನವರನ್ನು ಒತ್ತಾಯಿಸುವುದುಂಟು. ಅವರು ಗಮನಿಸಬೇಕಾದ ಅಧ್ಯಯನವೊಂದಿದೆ. ಅಮೆರಿಕೆಯ ಡೇವಿಡ್ ವೈಂಟ್ರಾಪ್ ಮತ್ತು ಯುರಿ ವಿಲೆನ್ಸ್ಕಿ ಪ್ರೌಢಶಾಲೆಯ ತರಗತಿಗಳನ್ನು ಹೋಲಿಸಿದಾಗ, ಐದು ವಾರಗಳ ಕೊನೆಗೆ ತುಂಡುಗಳಿಂದ ಕಲಿತವರೇ ಹೆಚ್ಚು ಕಲಿತಿದ್ದರು. ಮುಂದೆ ಎಲ್ಲರೂ ಹತ್ತು ವಾರ ‘ಜಾವಾ’ ಎಂಬ ಅಕ್ಷರಭಾಷೆಯನ್ನು ಅಭ್ಯಸಿಸಿದ ಬಳಿಕ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಆದರೂ ವಿದ್ಯಾರ್ಥಿಗಳು ತುಂಡುಗಳ ಕೆಲಸವನ್ನು ‘ಅಷ್ಟು ನೈಜವಲ್ಲ’ ಎಂದೇ ಭಾವಿಸಿದ್ದರು! ಆ ಭಾವನೆ ಅವರಿಗೆ ಬಂದದ್ದು ದೊಡ್ಡವರಿಂದಲೇ ಇರಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಸಿದ್ಧ ಆರಂಭಿಕ ಪಾಠಕ್ರಮವೂ ಸ್ಕ್ರ್ಯಾಚ್‌ನಿಂದ ಮೊದಲಾಗಿ ಮರುವಾರವೇ ‘ಸಿ’ ಭಾಷೆಗೆ ಹೋಗುತ್ತದೆಂಬುದನ್ನು ಇಲ್ಲಿ ಹೇಳಬಹುದು.

ಐ.ಟಿ.ಐ. ಮುಗಿಸಿ ಪ್ಯಾನೆಲ್ ಕೆಲಸಕ್ಕೆ ಸೇರುವ ನಮ್ಮ ಹುಡುಗರಿಗೆ ಒಂದು ವಿಷಯ ಉಪಯುಕ್ತವಾದೀತು. 1993ರಲ್ಲಿ ಪ್ರಕಟವಾದ ಐ.ಇ.ಸಿ. 61131ರ ಮೂರನೆಯ ಭಾಗವೆಂಬ ಅಂತರರಾಷ್ಟ್ರೀಯ ಮಾನಕ ಪಿ.ಎಲ್.ಸಿ.ಗೆ ಐದು ಭಾಷೆಗಳನ್ನು ಗೊತ್ತುಪಡಿಸಿತು. ಏಣಿಚಿತ್ರವೂ ಅದರಲ್ಲಿ ಒಂದು, ‘ಸ್ಟ್ರಕ್ಚರ್ಡ್ ಟೆಕ್ಸ್ಟ್’ ಎಂಬ ಅಕ್ಷರಭಾಷೆಯೂ ಒಂದು. ಅದರಲ್ಲಿದ್ದ ಇನ್ನೊಂದು ಅಕ್ಷರಭಾಷೆಯ ಬಳಕೆ ಇನ್ನು ಬೇಡವೆಂದು 2013ರ ಆವೃತ್ತಿ ಸೂಚಿಸಿತು, ಏಣಿ ಉಳಿಯಿತು. ಒಂದೇ ಯಂತ್ರದಲ್ಲಿ ಎರಡನ್ನೂ ಬೆರೆಸಬಹುದು: ಉದ್ದದ ಲೆಕ್ಕಕ್ಕೆ ಅಕ್ಷರ, ಬಾಗಿಲು–ಬೀಗದಂಥ ಷರತ್ತುಗಳಿಗೆ ಏಣಿ. ಎರಡನ್ನೂ ಕಲಿಯಲಿ. ನೌಕರಿಯ ಅರ್ಜಿಯಲ್ಲಿ ‘ವೈರಿಂಗ್ ಮತ್ತು ಮೇಂಟೆನೆನ್ಸ್’ ಎಂಬುದರ ಕೆಳಗೆ ಏಣಿಚಿತ್ರದ ಕೆಲಸವನ್ನು ಹುದುಗಿಸದೆ, ‘ಪಿ.ಎಲ್.ಸಿ. ಪ್ರೋಗ್ರಾಮಿಂಗ್’ ಎಂದು ಪ್ರತ್ಯೇಕ ಸಾಲಿನಲ್ಲಿ, ಎಷ್ಟು ಯಂತ್ರಗಳಿಗೆ ಎಂಬುದನ್ನೂ ಸೇರಿಸಿ ಬರೆಯಲಿ.