ಐದನೇ ಶೀಲ ಮತ್ತು ನಡುಗುವ ಕೈ



ನಮ್ಮ ಹಾರನಹಳ್ಳಿ ಕಡೆ ಪಂಚಶೀಲ ತಗೊಂಡ ಮನೆಗಳಲ್ಲೂ ಕುಡಿತ ಪೂರ್ತಿ ಹೋಗಿಲ್ಲ. 'ಬಾಬಾಸಾಹೇಬರ ಫೋಟೋ ಮುಂದೆ ಆಣೆ ಮಾಡಿಸಿ ಬಿಡಿಸಿ' ಅಂತ ತಾಯಂದಿರು ಬರುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತಾ?

ನಡುಗಿದರೆ ಆಣೆಗಿಂತ ಮೊದಲು ಆಸ್ಪತ್ರೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವವೂ ಹೋಗಬಹುದು. ಅದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುವವರಿದ್ದಾರೆ. 22 ಪ್ರತಿಜ್ಞೆ ತಗೊಂಡ ನಾವು ಕಾರಣ ಹುಡುಕಬೇಕು. ಹಾಸನದ ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಹೋಗುವ ಮುಂಚೆ ಕೇಳಬೇಕೆಂದರೆ ಟೆಲಿ ಮಾನಸ್, 14416. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ.

ಇನ್ನು ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವ ಉಪಾಯ. ದಯವಿಟ್ಟು ಬೇಡ! ಡೈಸಲ್ಫಿರಾಮ್ ಮೈಯಲ್ಲಿರುವಾಗ, ಗೊತ್ತಿಲ್ಲದೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಕುಡಿಯುವವರಿಗೆ ತಿಳಿಸಿ, ವೈದ್ಯರೇ ಕೊಡಬೇಕಾದ ಮಾತ್ರೆ ಅದು.

ಆಸ್ಪತ್ರೆಯಿಂದ ಬಂದ ಮೇಲೆ ಕಷ್ಟದ ಹೊತ್ತು ಸಂಜೆ, ಅದರಲ್ಲೂ ಬಟವಾಡೆಯ ಸಂಜೆ. ಹಳೇ ಗೆಳೆಯರು ಕರೆಯುತ್ತಾರೆ, ಕೈಯಲ್ಲಿ ದುಡ್ಡಿರುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ ಕೂರಬೇಕು, ಟೀ ಕುಡಿದುಕೊಂಡು ಹೊಲದ ಮಾತಾಡಿದರೂ ಆಯಿತು.

ಮತ್ತೆ ಎಡವಿದರೆ? 'ಶೀಲ ಮುರಿದ' ಅಂತ ಸಂಘದಿಂದ ದೂರ ಇಡುವುದು ನನಗೆ ಒಪ್ಪಿಗೆ ಇಲ್ಲ. ಪ್ರತಿ ವಂದನೆಯಲ್ಲೂ ನಾವೆಲ್ಲ ಶೀಲವನ್ನು ಹೊಸದಾಗಿ ತಗೊಳ್ಳುತ್ತೇವಲ್ಲ. ಅವರೂ ತಗೊಳ್ಳಲಿ, ಮಾರನೇ ದಿನ ಯಾರಾದರೂ ಜೊತೆಯಾಗಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.