ಹೆಸರು ಹಿಡಿದು ಹೇಳುವ ಸ್ತೋತ್ರ

ಕ್ರೈಸ್ತ ನಂಬಿಕೆಯು ಕೃತಜ್ಞತೆಯನ್ನು ತಾನಾಗಿ ಬಂದಾಗ ಬರಲಿ ಎಂದು ಬಿಟ್ಟುಬಿಟ್ಟಿಲ್ಲ. ಅದಕ್ಕೊಂದು ಹೊತ್ತು ಇದೆ, ಬಾಯಿಬಿಟ್ಟು ಆಡಬೇಕಾದ ಮಾತಿದೆ, ಕೈಯಿಂದ ಕೊಡಬೇಕಾದ ಕಾಣಿಕೆಯಿದೆ. ಹುಬ್ಬಳ್ಳಿ-ಧಾರವಾಡದ ಕನ್ನಡ ಕ್ರೈಸ್ತರ ಮನೆಗಳಲ್ಲಿ ಈ ರೂಢಿ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆ ಮಾಡಿತು. ಆ ಮಿಷನರಿಗಳಲ್ಲಿ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಬೆಳೆದವರು. ಭಾನುವಾರದ ಆರಾಧನೆಯಷ್ಟೇ ಮನೆಯೊಳಗಿನ ನಿತ್ಯದ ಪ್ರಾರ್ಥನೆಯನ್ನೂ ಮುಖ್ಯವೆಂದು ಬಗೆದವರು. ಈ ಮಿಷನ್ನಿನವರೇ ಆದ ಕಿಟೆಲ್ ಅವರನ್ನು ನಾಡು 1894ರ ನಿಘಂಟಿನಿಂದ ನೆನೆಯುತ್ತದೆ, ಅದು ಸರಿಯೇ. ಆದರೆ ಮಿಷನ್ ಇಲ್ಲಿ ಉಳಿಸಿಹೋದದ್ದರಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಯೂ ಒಂದು. ಅದು ಪುಸ್ತಕದ ಕಪಾಟಿನಲ್ಲಿ ಸಿಗುವಂಥದ್ದಲ್ಲವಾದ್ದರಿಂದ ಬರೆದವರು ಕಡಿಮೆ.

ಕುಟುಂಬ ಪ್ರಾರ್ಥನೆಯ ಕ್ರಮ ಸರಳ. ಒಂದು ಹಾಡು, ಸತ್ಯವೇದದ ಒಂದು ಭಾಗ, ಆಮೇಲೆ ಪ್ರಾರ್ಥನೆ. ಈ ಲೇಖಕಿ ಬೆಳೆದ ಮನೆಯಲ್ಲಿ ಅದಕ್ಕೆ ಇನ್ನೊಂದು ಸೇರಿತ್ತು. ಬೇಡಿಕೆಗೆ ಮೊದಲು ಪ್ರತಿಯೊಬ್ಬರೂ ಆ ದಿನದ ಒಂದು ಉಪಕಾರವನ್ನು ಬಾಯಿಬಿಟ್ಟು ಹೇಳಬೇಕು. ಮಕ್ಕಳು ನುಣುಚಿಕೊಳ್ಳಲು ‘ಎಲ್ಲದಕ್ಕೂ ಸ್ತೋತ್ರ’ ಎಂದರೆ ಅವ್ವ ಒಪ್ಪುತ್ತಿರಲಿಲ್ಲ. ‘ಎಲ್ಲದಕ್ಕೂ ಅಂದ್ರ ಯಾವುದಕ್ಕ? ಹೆಸರು ಹಿಡಿದು ಹೇಳ’ ಎನ್ನುತ್ತಿದ್ದಳು. ಈ ಅಭ್ಯಾಸದ ಜೀವ ಇರುವುದು ಇಲ್ಲಿಯೇ. ಎಲ್ಲದಕ್ಕೂ ಎಂದಾಗ ಮನಸ್ಸು ಯಾವುದನ್ನೂ ನೋಡಿರುವುದಿಲ್ಲ. ಒಂದನ್ನು ಹೆಸರಿಸಬೇಕಾದರೆ ದಿನವನ್ನು ಹಿಂದಕ್ಕೆ ತಿರುಗಿ ಹುಡುಕಬೇಕಾಗುತ್ತದೆ. 136ನೆಯ ಕೀರ್ತನೆಯ ರಚನೆಯೂ ಹೀಗೆಯೇ. ಅದರ 26 ವಚನಗಳಲ್ಲಿ ಪಲ್ಲವಿ ಒಂದೇ, ಆದರೆ ಪಲ್ಲವಿಯ ಮೊದಲು ಬರುವ ಉಪಕಾರ ಪ್ರತಿಸಲ ಬೇರೆ: ಸೂರ್ಯ, ಚಂದ್ರ, ಬಿಡುಗಡೆ, ಕಡೆಗೆ ಎಲ್ಲ ಜೀವಿಗಳಿಗೂ ಸಿಗುವ ಆಹಾರ.

ಹುಬ್ಬಳ್ಳಿ-ಧಾರವಾಡದ ಅವಳಿ ನಗರದಲ್ಲಿ ಹೀಗೆ ಹೆಸರಿಸಲು ಅತಿ ಯೋಗ್ಯವಾದದ್ದು ನೀರು. ನೀರಸಾಗರದ ಕೆರೆಯಿಂದಲೂ ಸವದತ್ತಿಯ ಮಲಪ್ರಭೆಯಿಂದಲೂ ಬರುವ ನೀರನ್ನು ಬಹುಪಾಲು ಓಣಿಗಳಿಗೆ ಹಲವು ದಿನಕ್ಕೊಮ್ಮೆ ಬಿಡುತ್ತಿದ್ದ ಕಾಲ ದೀರ್ಘವಾದದ್ದು. ನಡುರಾತ್ರಿ ನಳ ಬಂದರೂ ಎದ್ದು ಕೊಡ, ಬ್ಯಾರಲ್ ತುಂಬಿಸಿಕೊಂಡ ಮನೆಯವರಿಗೆ ನೀರಿಗಾಗಿ ಸ್ತೋತ್ರ ಹೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಸ್ತೋತ್ರ ಹೇಳಿದ ಮೇಲೆ ಮತ್ತೊಂದು ಪ್ರಶ್ನೆ ಏಳುತ್ತದೆ: ಏರಿನ ಮೇಲಿರುವ ಮನೆಗಳಿಗೆ ಬಂತೇ? ಬಾಡಿಗೆಯವರಿಗೆ ಸಿಕ್ಕಿತೇ? ಕೃತಜ್ಞತೆ ನಿಜವಾಗಿದ್ದರೆ ಅದು ಇದ್ದುದರಲ್ಲೇ ತೃಪ್ತಿಪಟ್ಟು ಸುಮ್ಮನೆ ಕೂರುವುದಿಲ್ಲ. ತನಗೆ ಬಂದದ್ದು ದಾನವೆಂದು ತಿಳಿದವರಿಗೆ ನೆರೆಯವರಿಗೆ ಬಾರದ್ದು ಕಾಣತೊಡಗುತ್ತದೆ. ಎರಡು ಕೊಡ ಆಚೆಮನೆಗೆ ಹೋದ ಮೇಲೆಯೇ ಆ ರಾತ್ರಿಯ ಪ್ರಾರ್ಥನೆ ಮುಗಿದಂತೆ ಎಂಬ ತಿಳಿವು ಅನೇಕ ಮನೆಗಳಲ್ಲಿ ಮಾತಿಲ್ಲದೆ ನಡೆದುಬಂದಿದೆ.

ಸುಗ್ಗಿಯ ಹಬ್ಬದಲ್ಲಿ ಇದೇ ತಿಳಿವು ಇಡೀ ಸಭೆಯದಾಗುತ್ತದೆ. ಅದರ ಮೂಲ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ. ಬೆಳೆಯ ಪ್ರಥಮಫಲವನ್ನು ಪುಟ್ಟಿಯಲ್ಲಿ ತಂದು ದೇವರ ಮುಂದಿಡುವ ಇಸ್ರಾಯೇಲ್ಯನು ಮೊದಲು ತನ್ನ ಹಿರಿಯರ ಅಲೆದಾಟವನ್ನೂ ಐಗುಪ್ತದ ಗುಲಾಮಗಿರಿಯನ್ನೂ ಬಾಯಿಂದ ಹೇಳಬೇಕು. ಆಮೇಲೆ ಹೊಲವಿಲ್ಲದ ಲೇವಿಯನನ್ನೂ ಊರಿಗೆ ಬಂದ ಪರದೇಶಿಯನ್ನೂ ಕೂಡಿಸಿಕೊಂಡು ಸಂತೋಷಪಡಬೇಕು. ಕಷ್ಟದ ನೆನಪು, ಕೈಯಲ್ಲಿನ ಬೆಳೆ, ಹಂಚಿಕೆ ಮೂರನ್ನೂ ಒಂದೇ ವಿಧಿಯಲ್ಲಿ ಕಟ್ಟಿದ ಈ ಅಧ್ಯಾಯಕ್ಕಿಂತ ಚೆನ್ನಾಗಿ ಕೃತಜ್ಞತೆಯನ್ನು ವಿವರಿಸುವ ಭಾಗ ಸತ್ಯವೇದದಲ್ಲಿ ಬೇರೆ ಇಲ್ಲವೆಂದೇ ಹೇಳಬೇಕು. ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಸಭೆಗಳಲ್ಲಿ ಹಬ್ಬದ ಭಾನುವಾರ ವೇದಿಯ ಮುಂದೆ ಜೋಳ, ಕಡಲೆ, ಮೆಣಸಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಮೊಟ್ಟೆ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಬಂದು ಕೂಡುತ್ತವೆ. ಹೊಲವಿಲ್ಲದವರು ಪಗಾರದಲ್ಲಿ ಒಂದು ಪಾಲು ತರುತ್ತಾರೆ, ಹೊಲಿಗೆ ಮಾಡುವವರು ಹೊಲಿದ ಬಟ್ಟೆ ತರುತ್ತಾರೆ. ಆರಾಧನೆಯ ನಂತರ ಅಂಗಳದಲ್ಲಿ ಹರಾಜು. ಸಂತೆಯಲ್ಲಿ ಅಗ್ಗವಾಗಿ ಸಿಗುವ ಕುಂಬಳಕಾಯಿಗೆ ಯಾರೋ ಅದರ ಹತ್ತುಪಟ್ಟು ಕೂಗುತ್ತಾರೆ, ಕೊಂಡವರು ಅದನ್ನೇ ತಿರುಗಿ ಹರಾಜಿಗೆ ಕೊಡುತ್ತಾರೆ. ನೋಡುವವರಿಗೆ ಗದ್ದಲವೆನಿಸಬಹುದು. ಆದರೆ ಬಡ ಮುದುಕಿ ತಂದಿಟ್ಟ ನಾಲ್ಕು ನಿಂಬೆಹಣ್ಣಿಗೆ ಎಲ್ಲರಿಗಿಂತ ಹೆಚ್ಚಿನ ಬೆಲೆ ಬರುವುದು ಆ ಗದ್ದಲದಲ್ಲಿಯೇ.

ಬೆಳೆ ಬಾರದ ವರ್ಷವೂ ಹಬ್ಬ ನಿಲ್ಲುವುದಿಲ್ಲ. 1876–78ರ ಮಹಾ ಬರ ಧಾರವಾಡ ಸೀಮೆಯನ್ನು ಕಂಗೆಡಿಸಿತು. 1898ರಲ್ಲಿ ಹುಬ್ಬಳ್ಳಿ ಪ್ಲೇಗಿನ ಹಾವಳಿಗೆ ಸಿಕ್ಕಿ, ಹಾಫ್ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಒಂದಾಯಿತು. ಕಷ್ಟದ ನಡುವಿನ ಸ್ತೋತ್ರ ಮಿಷನರಿಗಳ ಜರ್ಮನಿಗೂ ಹೊಸತಲ್ಲ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಐಲೆನ್‌ಬುರ್ಗ್‌ನ ಪಾಲಕ ಮಾರ್ಟಿನ್ ರಿಂಕಾರ್ಟ್ 1637ರ ಪ್ಲೇಗಿನಲ್ಲಿ ಸಾವಿರಾರು ಜನರ ಶವಸಂಸ್ಕಾರ ನಡೆಸಿದರು, ಅದೇ ವರ್ಷ ಹೆಂಡತಿಯನ್ನೂ ಕಳೆದುಕೊಂಡರು. ಜರ್ಮನ್ ಸಭೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ಕೃತಜ್ಞತಾ ಗೀತೆ ಅವರದು. ಅದು ಮೊದಲಿಗೆ ಊಟದ ಹೊತ್ತಿನ ಪ್ರಾರ್ಥನೆಯಾಗಿತ್ತು. ಹಬಕ್ಕೂಕನ ಗ್ರಂಥದ ಕೊನೆಯೂ ಇದೇ ಜಾತಿಯದು: ಅಂಜೂರ ಚಿಗುರದೆ, ಹೊಲ ಬೆಳೆಯದೆ, ಕೊಟ್ಟಿಗೆಯಲ್ಲಿ ದನವಿಲ್ಲದೆ ಹೋದರೂ ದೇವರಲ್ಲಿ ಹಿಗ್ಗುವೆನೆನ್ನುವ ಹಾಡು. ಮಳೆ ನಂಬಿದ ಎರೆಹೊಲದ ರೈತನಿಗೆ ಆ ಪಟ್ಟಿ ಅರ್ಥವಾಗಲು ಪ್ರಸಂಗಿ ಬೇಕಿಲ್ಲ.

ಇಲ್ಲೊಂದು ಎಚ್ಚರ ಅಗತ್ಯ. ಕಷ್ಟದಲ್ಲಿರುವವನು ತಾನಾಗಿ ಹೇಳುವ ಸ್ತೋತ್ರ ಬೇರೆ, ಕಷ್ಟದಲ್ಲಿರುವವನ ಮೇಲೆ ಇತರರು ಹೇರುವ ಸ್ತೋತ್ರ ಬೇರೆ. 2021ರ ಕೊರೋನಾ ಅಲೆಯಲ್ಲಿ ಸಾವು ಕಂಡ ಮನೆಗಳಿಗೆ ಫೋನಿನಲ್ಲಿ ‘ಅಳಬ್ಯಾಡ್ರಿ, ದೇವರಿಗೆ ಸ್ತೋತ್ರ ಹೇಳ್ರಿ’ ಎಂದವರಿದ್ದರು. ಅಂಥ ಮಾತು ಸಾಂತ್ವನವಲ್ಲ, ಗಾಯದ ಮೇಲಿನ ಬರೆ. ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಿನ ಹಾಡುಗಳು. ಯೋಬನ ಗೆಳೆಯರು ಮಾಡಿದ ಒಳ್ಳೆಯ ಕೆಲಸವೆಂದರೆ ಏಳು ದಿನ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂತದ್ದು. ಅಳುವುದಕ್ಕೆ ಎಡೆಯಿಲ್ಲದ ಮನೆಯಲ್ಲಿ ಸ್ತೋತ್ರವೂ ಸುಳ್ಳಾಗುತ್ತದೆ. ಆ ವರ್ಷ ಈ ಲೇಖಕಿಯ ಬಳಗದಲ್ಲಿ ಒಂದು ಮನೆಯವರು ತಿಂಗಳುಗಟ್ಟಲೆ ಪ್ರಾರ್ಥನೆಯ ಹೊತ್ತಿನಲ್ಲಿ ಬರಿದೆ ಕೂತು ಏಳುತ್ತಿದ್ದರು. ಕಡೆಗೊಂದು ಸಂಜೆ ಅಲ್ಲಿ ಮೊದಲು ಬಂದ ಸ್ತೋತ್ರ, ದಿನಾ ಬುತ್ತಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ ನೆರೆಮನೆಯ ಮುಸ್ಲಿಂ ಹೆಣ್ಣುಮಗಳಿಗಾಗಿ.

ಉಪಕಾರಗಳನ್ನು ಬರೆದಿಡುವುದರಿಂದ ಮನಸ್ಸು ಹಗುರಾಗುತ್ತದೆಂದು ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ ಎಂಬ ಮನೋವಿಜ್ಞಾನಿಗಳು 2003ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಅದು ಒಳ್ಳೆಯದೇ. ಆದರೆ ನಂಬಿಕೆಯಲ್ಲಿ ಪಟ್ಟಿ ಮಾಡುವುದು ಅರ್ಧ ಕೆಲಸ ಮಾತ್ರ. ಕೊಟ್ಟವರ ಕಡೆಗೆ ತಿರುಗುವುದು ಇನ್ನರ್ಧ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳೂ ಗುಣವಾದರು. ಒಂಬತ್ತು ಮಂದಿ ಯಾಜಕನ ಬಳಿಗೆ ಹೋದದ್ದು ಯೇಸು ಹೇಳಿದ ಮಾತು ಕೇಳಿಯೇ. ಹಿಂತಿರುಗಿ ಬಂದವನು ಒಬ್ಬ, ಅವನೂ ಸಮಾರ್ಯದವನು, ಯೆಹೂದ್ಯರು ಹೊರಗಿನವನೆಂದು ಕಂಡವನು.

ಹೀಗೆ ತಿರುಗುವುದು ಮನುಷ್ಯರ ಕಡೆಗೂ ಆಗಬೇಕು, ಕಠಿಣವಾದದ್ದು ಬಹುಶಃ ಇದೇ. ನಮ್ಮ ಕಡೆ ಮನೆಯವರಿಗೆ ಥ್ಯಾಂಕ್ಸ್ ಹೇಳುವ ವಾಡಿಕೆಯಿಲ್ಲ. ಹೇಳಿದರೆ ‘ನಾವೇನು ಬ್ಯಾರೆಯವರೇನು’ ಎಂದು ಬೇಸರಿಸುವವರೂ ಇದ್ದಾರೆ. ದೇವರಿಗೆ ದಿನವೂ ಸ್ತೋತ್ರ ಹೇಳಿ ರೊಟ್ಟಿ ಬಡಿದವಳಿಗೆ ಒಂದು ಮಾತೂ ಆಡದ ಗಂಡಸರು ಈ ವಾಡಿಕೆಯ ಮರೆಯಲ್ಲಿ ಆರಾಮಾಗಿದ್ದಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ನೆನೆಯುತ್ತಾನೆ. ಅವರಲ್ಲಿ ಫೊಯಿಬೆ, ಪ್ರಿಸ್ಕಿಲ್ಲ ಮೊದಲಾದ ಹೆಂಗಸರಿದ್ದಾರೆ. ತನ್ನ ಪ್ರಾಣ ಉಳಿಸಲು ಪ್ರಿಸ್ಕಿಲ್ಲ, ಅಕ್ವಿಲರು ತಮ್ಮ ಕುತ್ತಿಗೆಯನ್ನೇ ಒಡ್ಡಿದರೆಂದು ಬಹಿರಂಗವಾಗಿ ಉಪಕಾರ ಹೇಳುತ್ತಾನೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಮುಂಚೆ ಅಂಥದೊಂದು ಪಟ್ಟಿ ಮಾಡಿಕೊಳ್ಳುವ ಮನೆಗಳು ಅವಳಿ ನಗರದಲ್ಲಿವೆ. ವರ್ಷವಿಡೀ ನೆರವಾದವರ ಹೆಸರು ಬರೆದು, ಕಾಣಿಕೆಯ ಕವರಿನ ಜೊತೆಗೆ ಪ್ರಾರ್ಥನೆಗೆ ಕೊಟ್ಟು, ಹೊಸ ವರ್ಷದ ಮೊದಲ ವಾರದಲ್ಲಿ ಕೇಕು, ಕರ್ಚಿಕಾಯಿ ಕಟ್ಟಿಕೊಂಡು ಆ ಮನೆಗಳಿಗೆ ಒಂದೊಂದಾಗಿ ಹೋಗಿಬರುತ್ತಾರೆ.